ಟೈಲರಮ್ಮನ ಎಣಿಕೆ

ಭಾನುವಾರ, ಹದಿನೇಳನೇ ತಾರೀಖು
ಕಾಲೇಜು ಹಾಸ್ಟೆಲ್, ಎರಡನೇ ಮಹಡಿ

ಪ್ರೀತಿಯ ಅಕ್ಕ,

ನಿನ್ನ ಎರಡು ಪತ್ರಗಳೂ ನನ್ನ ಅನಾಟಮಿ ಪುಸ್ತಕದೊಳಗೆ ಕೂತಿವೆ. ಮೊದಲನೆಯದು ಎರಡು ತಿಂಗಳಿಂದ, ಎರಡನೆಯದು ಆರು ವಾರದಿಂದ. ಪುಸ್ತಕ ತೆರೆದಾಗಲೆಲ್ಲ ಕಣ್ಣಿಗೆ ಬೀಳುತ್ತವೆ ಎಂದು ಪುಸ್ತಕ ತೆರೆಯುವುದನ್ನೇ ಕಡಿಮೆ ಮಾಡಿದೆ. ಟೆಸ್ಟ್‌ನಲ್ಲಿ ಅದರ ಫಲವೂ ಸಿಕ್ಕಿತು. ತಡವಾಯಿತು, ಕ್ಷಮಿಸು. ರೆಕಾರ್ಡ್ ಬರೆಯುವುದಿತ್ತು, ವೈವಾ ಇತ್ತು ಎಂದೆಲ್ಲ ನೆಪ ಹೇಳಬಹುದು. ಅಷ್ಟು ವರ್ಷ ಪಕ್ಕದ ಮಂಚದಲ್ಲಿ ಮಲಗಿದವಳಿಗೆ ನನ್ನ ನೆಪಗಳೆಲ್ಲ ಬಾಯಿಪಾಠ, ಹಾಗಾಗಿ ಬೇಡ.

ಫೋನ್ ಮಾಡದೆ ಕಾಗದ ಬರೆಯುತ್ತಿರುವುದಕ್ಕೆ ಕಾರಣವಿದೆ. ಫೋನಿನಲ್ಲಿ ನಾನು ಎರಡು ಮಾತು ಹೇಳುವಷ್ಟರಲ್ಲಿ ನೀನು "ಹೋಗ್ಲಿ ಬಿಡೇ" ಅನ್ನುತ್ತೀಯ. ನಾನೂ ಅದನ್ನೇ ಕಾಯುತ್ತಿದ್ದವಳ ಹಾಗೆ ಬಿಟ್ಟುಬಿಡುತ್ತೇನೆ. ಕಾಗದದ ನಡುವೆ ಬಾಯಿ ಹಾಕಲು ಬರುವುದಿಲ್ಲ.

ನಾನು ಆರೋಗ್ಯವಾಗಿದ್ದೇನೆ. "ಕ್ಷೇಮ" ಎಂದು ಬರೆಯಲು ಕೈ ಬರುವುದಿಲ್ಲ. ನೂರಮೂರು ಜ್ವರದಲ್ಲೂ ನಮ್ಮ ಕೈಯಲ್ಲಿ ಆ ಪದ ಬರೆಸಿ, ಓದಿ ನೋಡಿದ ಮೇಲೆಯೇ ಲಕೋಟೆ ಅಂಟಿಸುತ್ತಿದ್ದ ನಮ್ಮ ಶಾಲೆ ಹಾಸ್ಟೆಲ್ಲಿನ ವಾರ್ಡನ್ ನೆನಪಾಗುತ್ತಾರೆ. ಅಮ್ಮನ ಮಂಡಿ ನೋವು ಹೇಗಿದೆ? ನಿನ್ನ ಆಸ್ಪತ್ರೆಯ ರೆಕಾರ್ಡ್ ರೂಮಿಗೆ ಕೊನೆಗೂ ಫ್ಯಾನ್ ಹಾಕಿಸಿದರಾ, ಇಲ್ಲ ಇನ್ನೂ ಸತ್ತವರ ಫೈಲುಗಳಿಂದಲೇ ಗಾಳಿ ಬೀಸಿಕೊಳ್ಳುತ್ತಿದ್ದೀಯಾ?

ನಿನ್ನ ಎರಡನೇ ಪತ್ರದ ಕೊನೆಯಲ್ಲಿ, ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ ಬರೆದಿದ್ದೆ: "ನಿಮ್ಮ ಆ ಪ್ರೋಗ್ರಾಮಿನಲ್ಲಿ ನನ್ನಂಥ ಕಾಲಿನವರು ಯಾರಾದ್ರೂ ಇದ್ದಾರೇನೇ?" ನಾನು ಉತ್ತರ ಬರೆಯದೆ ಉಳಿದದ್ದು ಆ ಒಂದು ಸಾಲಿಗೆ. ಇದ್ದರು, ಅಕ್ಕ. ಈಗ ಬರುವುದಿಲ್ಲ. ಬರದ ಹಾಗೆ ಮಾಡಿದ್ದು ನಾನು.

ಮೊದಲಿಂದ ಹೇಳುತ್ತೇನೆ, ನಡುನಡುವೆ ಎಡವಿದರೆ ಬೈಯಬೇಡ.

ಫಿಸಿಯೋಥೆರಪಿ ಫಸ್ಟ್ ಇಯರ್‌ನವರಿಗೆ ಪ್ರತಿ ಶನಿವಾರ ಕಮ್ಯುನಿಟಿ ಪೋಸ್ಟಿಂಗ್ ಇರುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಬಡಾವಣೆ. ವ್ಯಾಯಾಮ ಎಂದರೆ ದುಡ್ಡಿದ್ದವರ ಜಿಮ್, ಹುಡುಗರ ಮೈದಾನ ಎಂದಾಗಬಾರದು, ಎಲ್ಲರಿಗೂ ಕೈಗೆಟುಕಬೇಕು ಎನ್ನುವುದು ಪ್ರಾಜೆಕ್ಟು. ನಮ್ಮ ಬ್ಯಾನರ್ ಮೇಲೆ "ಪ್ರತಿ ದೇಹಕ್ಕೂ ಒಂದು ಜಾಗ" ಎಂದು ದೊಡ್ಡ ಅಕ್ಷರದಲ್ಲಿತ್ತು. ಹತ್ತು ವಾರ ಅದನ್ನು ಮಡಚಿ, ಬಿಚ್ಚಿ, ಹೆಗಲ ಮೇಲೆ ಹೊತ್ತು ತಿರುಗಿದವಳು ನಾನು. ಈಗ ಅದನ್ನು ನೆನೆದರೆ ಕಿವಿ ಬಿಸಿಯಾಗುತ್ತದೆ.

ನನಗೆ ಸಿಕ್ಕಿದ್ದು ಬಸ್ ಡಿಪೋ ಹಿಂದಿನ ಕೆಲಸಗಾರರ ವಸತಿ. ಆರು ಬ್ಲಾಕು, ಒಂದೊಂದಕ್ಕೆ ನಾಲ್ಕು ಮಹಡಿ, ಲಿಫ್ಟ್ ಇಲ್ಲ. ಇದ್ದ ಮೈದಾನದಲ್ಲಿ ಗುಜರಿ ಬಸ್ಸುಗಳು ಟೈರಿಲ್ಲದೆ ಕೂತಿವೆ. ನಡುವೆ ಒಂದು ಸಮುದಾಯ ಭವನ. ಅದರ ಕಿಟಕಿಗಳು ಡಿಪೋ ಗಂಡಸರು ಮೊಣಕೈ ಊರಿ ನಿಲ್ಲಲೆಂದೇ ಅಳತೆ ತೆಗೆದು ಇಟ್ಟಂತಿವೆ.

ಮೊದಲು ಸರ್ವೆ. ಪ್ರಶ್ನೆಗಳನ್ನು ಆಫೀಸಿನಲ್ಲೇ ಕನ್ನಡ ಮಾಡಿ ಕೊಟ್ಟಿದ್ದರು. "ವಾರದಲ್ಲಿ ಎಷ್ಟು ನಿಮಿಷ ಮಧ್ಯಮ ತೀವ್ರತೆಯ ದೈಹಿಕ ಚಟುವಟಿಕೆಯಲ್ಲಿ ತೊಡಗುತ್ತೀರಿ?" ಇಂಗ್ಲಿಷು ಕನ್ನಡ ಎರಡೂ ಅರ್ಧಂಬರ್ಧ ಬರುವ ನನ್ನ ನಾಲಿಗೆ ಪ್ರತಿ ಬಾಗಿಲಲ್ಲೂ ಅದರ ಮೇಲೆ ಜಾರಿ ಬೀಳುತ್ತಿತ್ತು. ಆಸ್ಪತ್ರೆಯಲ್ಲಿ ನೆಲ ಒರೆಸುವ ಹೆಂಗಸೊಬ್ಬಳು ಪೂರ್ತಿ ಕೇಳಿಸಿಕೊಂಡು, "ದಿನಾ ನಾಲ್ಕು ಮಹಡಿ ಒರೆಸ್ತೀನಿ ಮಿಸ್. ಅದು ಯಾವ ತೀವ್ರತೆ?" ಅಂದಳು. ನಾನು ಫಾರಮ್ಮಿನಲ್ಲಿ ಹುಡುಕಿದೆ. ಅದಕ್ಕೆ ಕಾಲಂ ಇರಲಿಲ್ಲ. "ಇತರೆ" ಎನ್ನುವಲ್ಲಿ ಟಿಕ್ ಹಾಕಿದೆ. "ಹಂಗಾದ್ರೆ ನನ್ನ ಸೊಂಟಾನೂ ಇತರೆಗೇ ಹಾಕ್ಬಿಡಿ" ಅಂದಳು. ಮುಂದೆಯೂ ಇವಳು ಬರುತ್ತಾಳೆ, ಒರೆಸುವವಳು ಎಂದೇ ಕರೆಯುತ್ತೇನೆ.

ಸಂಜೆ ಆರಕ್ಕೆ ಕ್ಲಾಸು ಎಂದು ಎಲ್ಲ ಬ್ಲಾಕಿನ ಗೋಡೆಗೂ ಕಾಗದ ಅಂಟಿಸಿದೆ. ಮೊದಲ ಶನಿವಾರ ಯಾರೂ ಬರಲಿಲ್ಲ, ಎರಡನೆಯ ಶನಿವಾರವೂ ಇಲ್ಲ. ಮೂರನೆಯ ವಾರ ಒಬ್ಬರು ಬಂದರು. ಬಿಪಿ ನೋಡುತ್ತಾರೆ ಎಂದು ಯಾರೋ ಹೇಳಿದ್ದರಂತೆ. ಪೋಸ್ಟಿಂಗ್‌ಗೆ ನಲವತ್ತು ಇಂಟರ್ನಲ್ ಮಾರ್ಕ್ಸು. ಹಾಜರಿ ಇಲ್ಲದಿದ್ದರೆ ಮಾರ್ಕ್ಸ್ ಇಲ್ಲ. ನಾನು ಬ್ಯಾನರ್ ಸುತ್ತಿಕೊಂಡು ಮೂರನೇ ಬ್ಲಾಕಿನ ಮೆಟ್ಟಿಲ ಮೇಲೆ ಕೂತು ಅತ್ತೆ. ಅತ್ತೆ ಅಂದರೆ ಸುಮ್ಮನೆ ಕಣ್ಣೀರಲ್ಲ, ಬಿಕ್ಕಳಿಕೆ ಬಂದು ನಿಲ್ಲದ ಥರದ್ದು, ನಿನಗೆ ಗೊತ್ತಲ್ಲ. ಆಗ ಮೆಟ್ಟಿಲಿನ ಕೆಳಗಿಂದ ಹೊಲಿಗೆ ಮಷಿನ್ನಿನ ಸದ್ದು ನಿಂತು, "ಮೇಲೆ ಕೂತು ಅತ್ರೆ ನನ್ನ ಬಟ್ಟೆ ಮೇಲೆ ಸೋರತ್ತೆ, ಕೆಳಗೆ ಬಾ" ಎಂದು ಯಾರೋ ಅಂದರು.

ಅವರೇ ಟೈಲರಮ್ಮ.

ಆ ಮೆಟ್ಟಿಲಿನ ಕೆಳಗಿನ ಇಳಿಜಾರು ಜಾಗವೇ ಅವರ ಅಂಗಡಿ. ಒಳಗೆ ತಲೆ ಬಗ್ಗಿಸಿಯೇ ಇರಬೇಕು. ನಲವತ್ತೈದು ವಯಸ್ಸಿರಬಹುದು. ಎಡಗಾಲು ನಿನ್ನದಕ್ಕಿಂತಲೂ ಸಣ್ಣದು, ಗಿಡ್ಡ. ನಡೆಯುವಾಗ ಮಂಡಿಯ ಮೇಲೆ ಕೈ ಊರಿ ಅದನ್ನು ಮುಂದಕ್ಕೆ ತಳ್ಳುತ್ತಾರೆ. ಬಲಗಾಲಿನ ಮೀನಖಂಡ ಮಾತ್ರ ಇಪ್ಪತ್ತು ವರ್ಷ ಪೆಡಲ್ ತುಳಿದು ಕಲ್ಲಾಗಿದೆ. "ನನ್ನ ಬಲಗಾಲು ಇಬ್ಬರ ಕೆಲಸ ಮಾಡತ್ತೆ, ಸಂಬಳ ಮಾತ್ರ ಒಬ್ಬರದ್ದೇ" ಅನ್ನುತ್ತಿದ್ದರು. ನಾನು ಆಂಟಿ ಅಂದಾಗ, ಬೇಡ, ಅದು ಬಿಲ್ಲು ಕಡಿಮೆ ಮಾಡಿಸೋರು ಕರೆಯೋ ಹೆಸರು ಅಂದರು. ಅಕ್ಕ ಅನ್ನಲು ನನಗೆ ಬಾಯಿ ಬರಲಿಲ್ಲ. ಹಾಗಾಗಿ ಎಲ್ಲರಂತೆ ಟೈಲರಮ್ಮ ಎಂದೇ ಕರೆದೆ.

ನಾನು ಮೂರು ವಾರದಲ್ಲಿ ತಿಳಿಯದ್ದನ್ನು ಅವರು ಒಂದು ಕಾಲರ್ ಹೊಲಿಯುವಷ್ಟರಲ್ಲಿ ಹೇಳಿದರು. ಆರು ಗಂಟೆಗೆ ನಲ್ಲಿಯಲ್ಲಿ ನೀರು ಬರುತ್ತದೆ, ಆಗ ಕೊಡ ಬಿಟ್ಟು ಕೈಕಾಲು ಆಡಿಸಲು ಯಾರು ಬರುತ್ತಾರೆ. ಮಧ್ಯಾಹ್ನ ಮೂರೂವರೆಗೆ ಇಡು. ಕಿಟಕಿಯಲ್ಲಿ ಗಂಡಸರು ನಿಲ್ಲುವ ತನಕ ಯಾವ ಹೆಂಗಸೂ ಕೈ ಮೇಲೆತ್ತುವುದಿಲ್ಲ; ಪರದೆ ಬೇಕು. ಇರುವ ಬಟ್ಟೆಯಲ್ಲಿ ಕಾಲು ಅಗಲಿಸಿ ನಿಲ್ಲಲು ಆಗುವುದಿಲ್ಲ. ಸಡಿಲ ಪಾಯಿಜಾಮ ಬೇಕು. ಹೇಳಿದ್ದಷ್ಟೇ ಅಲ್ಲ. ಕತ್ತರಿಸಿ ಉಳಿದ ತುಂಡುಗಳನ್ನೆಲ್ಲ ಜೋಡಿಸಿ ಆರು ಕಿಟಕಿಗೆ ಪರದೆ ಹೊಲಿದರು: ಯೂನಿಫಾರ್ಮಿನ ನೀಲಿ, ಯಾರದೋ ಮದುವೆಯ ಕೆಂಪು, ಲೈನಿಂಗಿನ ಬಿಳಿ. ಅಳತೆಗೆ ಬಂದವರನ್ನೆಲ್ಲ, "ಸೊಂಟ ಎರಡಿಂಚು ಜಾಸ್ತಿಯಾಗಿದೆ. ಬಟ್ಟೆ ದೊಡ್ಡದು ಮಾಡ್ಲಾ, ಇಲ್ಲ ಶನಿವಾರ ಅಲ್ಲಿಗೆ ಬರ್ತೀಯಾ?" ಎಂದು ಕೇಳಿ ಕಳಿಸುತ್ತಿದ್ದರು. ನಾಲ್ಕನೇ ವಾರ ಹನ್ನೊಂದು ಜನ. ಐದನೇ ವಾರ ಇಪ್ಪತ್ತಮೂರು.

ಅವರು ಮಾತ್ರ ಬಾಗಿಲಲ್ಲಿ ಕುತ್ತಿಗೆಗೆ ಟೇಪು ಹಾಕಿಕೊಂಡು ನಿಲ್ಲುತ್ತಿದ್ದರು. ಒಳಗೆ ಬನ್ನಿ ಎಂದರೆ, "ನಾನು ಕರ್ಕೊಂಡು ಬರೋಳು. ಮಾಡೋಳಲ್ಲ" ಅನ್ನುತ್ತಿದ್ದರು. ಶಾಲೆಯಲ್ಲಿ ಆಟದ ಪೀರಿಯಡ್ ಎಂದರೆ ಅವರಿಗೆ ಎಲ್ಲರ ಬ್ಯಾಗು ಕಾಯುವ ಪೀರಿಯಡ್ ಅಂತೆ. "ಏಳು ವರ್ಷ ಕಾದಿದೀನಿ. ಒಂದೂ ಕಳೆದಿಲ್ಲ. ಅದಕ್ಕೊಂದು ಕಪ್ ಕೊಡಬೇಕಿತ್ತು" ಎಂದು ನಕ್ಕರು. ನಾನು ಎರಡು ವಾರ ಬೆನ್ನು ಬಿದ್ದು ಒಪ್ಪಿಸಿದೆ. ಈ ಪೋಸ್ಟಿಂಗ್‌ನಲ್ಲಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಎಂದು ಆಗ ಹೆಮ್ಮೆಪಟ್ಟಿದ್ದೆ.

ಅವರು ಸಾಲಿಗೆ ಬಂದ ಮೊದಲ ದಿನ ನಾನು ಎಂದಿನ ಹಾಗೆ ನಮ್ಮ ಹಾಸ್ಟೆಲ್ ಡ್ರಿಲ್ ಎಣಿಕೆಯಲ್ಲಿ ಒಂದು, ಎರಡು, ಒಂದು, ಎರಡು ಎಂದು ಓಡಿಸುತ್ತಿದ್ದೆ. ಅವರು ಕೈ ಎತ್ತಿ ನಿಲ್ಲಿಸಿದರು.

"ನಿನ್ನ ಎರಡು ತುಂಬಾ ಬೇಗ ಬರತ್ತೆ ಪುಟ್ಟಿ. ನನ್ನ ಕಾಲು ಇನ್ನೂ ಒಂದರಲ್ಲೇ ಇದೆ."

ಹಾಲ್ ತುಂಬ ನಗು. "ನನ್ನ ಉಸಿರೂ ಅಲ್ಲೇ ಇದೆ" ಎಂದು ಹಿಂದಿನಿಂದ ಒರೆಸುವವಳು ಸೇರಿಸಿದಳು. ಕೊನೆಗೆ ಟೈಲರಮ್ಮನೇ ಎಣಿಸಿ ತೋರಿಸಿದರು: ಒಂದು, ತಾಳು, ಎರಡು, ತಾಳು. ಆ "ತಾಳು"ವಿನಲ್ಲಿ ಅವರ ಎಡಗಾಲು ಬಂದು ಬಲಗಾಲನ್ನು ಸೇರುತ್ತಿತ್ತು. ಆಮೇಲೆ ನೋಡಿದರೆ ಅದರಲ್ಲಿ ಎಲ್ಲರಿಗೂ ಜಾಗವಿತ್ತು. ಮಂಡಿ ನೋವಿನವರು ಆ ಹೊತ್ತಿಗೆ ಬಗ್ಗಿ ಮುಗಿಸುತ್ತಿದ್ದರು, ಐದನೇ ಬ್ಲಾಕಿನ ಎಪ್ಪತ್ತರ ಅಜ್ಜಿ ಕೈ ಇಳಿಸುತ್ತಿದ್ದರು, ಉಬ್ಬಸದವರು ಉಸಿರು ತೆಗೆದುಕೊಳ್ಳುತ್ತಿದ್ದರು. ನನ್ನ ಸಿಲಬಸ್ಸಿನಲ್ಲಿ ಇದಕ್ಕೊಂದು ಉದ್ದದ ಇಂಗ್ಲಿಷ್ ಹೆಸರಿದೆ, ಐದು ಮಾರ್ಕಿನ ಪ್ರಶ್ನೆ. ಟೈಲರಮ್ಮನಿಗೆ ಅದು ಕಾಲಿನಿಂದ ಗೊತ್ತಿತ್ತು. ಹತ್ತನೇ ವಾರಕ್ಕೆ ರಿಜಿಸ್ಟರಿನಲ್ಲಿ ನಲವತ್ತೊಂದು ಹೆಸರು. ನಲವತ್ತೊಂದು ಹೆಂಗಸರು ಒಟ್ಟಿಗೆ "ತಾಳು" ಅನ್ನುವುದನ್ನು ನೀನು ಕೇಳಬೇಕಿತ್ತು. ಪರದೆಯ ಆಚೆ ಡಿಪೋದವರು ಒಳಗೇನು ನಡೆಯುತ್ತಿದೆ ಎಂದು ತಲೆ ಕೆಡಿಸಿಕೊಳ್ಳುತ್ತಿದ್ದರಂತೆ.

ಇಷ್ಟಕ್ಕೇ ಪತ್ರ ಮುಗಿಸುವ ಆಸೆಯಾಗುತ್ತಿದೆ.

ಸೋಮವಾರ

ನಿನ್ನೆ ನಿಜವಾಗಿಯೂ ಅಲ್ಲಿಗೇ ನಿಲ್ಲಿಸಿದೆ. ರೂಮ್‌ಮೇಟ್ ಬಂದು, ಇಷ್ಟು ಪುಟ ಯಾರಿಗೇ ಲವ್ ಲೆಟರು ಎಂದು ಕಿತ್ತುಕೊಳ್ಳಲು ನೋಡಿದಳು. ಅಕ್ಕನಿಗೆ ಅಂದೆ. ಅಕ್ಕಂಗೆ ಯಾರಾದ್ರೂ ಅಳ್ತಾ ಬರೀತಾರಾ ಅಂದಳು. ಈಗ ಲೈಬ್ರರಿಯಲ್ಲಿ ಕೂತಿದ್ದೇನೆ. ಇಲ್ಲಿ ಅಳಲು ಪರ್ಮಿಷನ್ ಇಲ್ಲ.

ನಮ್ಮ ಪ್ರಾಜೆಕ್ಟ್ ನೋಡಿಕೊಳ್ಳುವ ಮೇಡಂ ಹತ್ತನೇ ವಾರ ಬಂದರು. ಪರದೆ ನೋಡಿ "ಸೋ ಕಲರ್‌ಫುಲ್" ಅಂದರು, ಫೋಟೋ ತೆಗೆದರು. ಮುಂದಿನ ಶನಿವಾರ ದುಡ್ಡು ಕೊಡುವ ಸಂಸ್ಥೆಯವರೂ ನಮ್ಮ ಪ್ರಿನ್ಸಿಪಾಲರೂ ಬರುತ್ತಾರೆ, ಡೆಮೋ ಆಗಬೇಕು, ವಿಡಿಯೋ ಇರುತ್ತದೆ ಅಂದರು. ಸ್ವಲ್ಪ ಹೊತ್ತು ಕ್ಲಾಸ್ ನೋಡಿ, "ಚೆನ್ನಾಗಿದೆ, ಬಟ್ ಸಿಂಕ್ ಇಲ್ಲ" ಎಂದು ಫೋನಿನಿಂದ ಒಂದು ಮ್ಯೂಸಿಕ್ ಹಾಕಿದರು. ಅದರ ಬೀಟಿನಲ್ಲಿ ಒಂದು ಇತ್ತು, ಎರಡು ಇತ್ತು. "ತಾಳು" ಇರಲಿಲ್ಲ. ಹೊರಡುವಾಗ ನನ್ನ ಹೆಗಲ ಮೇಲೆ ಕೈ ಹಾಕಿ, ಎಂಟೆಂಟರ ಐದು ಸಾಲು ಮಾಡು, ಕ್ಯಾಮೆರಾಗೆ ನೀಟಾಗಿ ಕಾಣಬೇಕು, ಒಬ್ಬರು ಹೆಚ್ಚಾಗ್ತಾರೆ, ನೀನೇ ನೋಡಿ ಅಡ್ಜಸ್ಟ್ ಮಾಡು ಅಂದರು. ಅಷ್ಟೇ ಅವರು ಹೇಳಿದ್ದು. ಯಾರ ಹೆಸರನ್ನೂ ಹೇಳಲಿಲ್ಲ, ಯಾರ ಕಾಲನ್ನೂ ತೋರಿಸಲಿಲ್ಲ. ಈ ಸಾಲನ್ನು ಎರಡು ಸಲ ಓದು. ಕ್ಲಾಸ್‌ಮೇಟ್‌ಗಳಿಗೆಲ್ಲ ನಾನು ಮೇಡಂ ಹೇಳಿಬಿಟ್ಟರು ಎಂದೇ ಹೇಳಿದ್ದೇನೆ. ಅವರೆಲ್ಲ ಅಯ್ಯೋ ಪಾಪ ಎಂದು ನನಗೆ ಟೀ ಕುಡಿಸಿದ್ದಾರೆ.

ಯಾರನ್ನು ಹೊರಗಿಡುವುದು ಎಂದು ನಾನು ಐದು ನಿಮಿಷವೂ ಯೋಚಿಸಲಿಲ್ಲ. ಸೀಮೆಸುಣ್ಣ ಹಿಡಿದು ನೆಲದ ಮೇಲೆ ನಲವತ್ತು ಗುರುತು ಹಾಕಿದೆ. ಬಾಗಿಲ ಹತ್ತಿರ ಒಂದು ಟೇಬಲ್ ಇಟ್ಟೆ. ಮೇಲೆ ಬಟ್ಟೆ ಹಾಸಿದೆ, ಪೆನ್ನು ಇಟ್ಟೆ. ಟೇಬಲ್ ಚೆನ್ನಾಗಿ ಕಂಡರೆ ಮಾಡುತ್ತಿರುವುದೂ ಚೆನ್ನಾಗಿ ಕಾಣುತ್ತದೆ ಎಂದುಕೊಂಡೆನೋ ಏನೋ.

ಆ ಶನಿವಾರ ಟೈಲರಮ್ಮ ಎಲ್ಲರಿಗಿಂತ ಮೊದಲು ಬಂದರು. ನಲವತ್ತು ಜನಕ್ಕೆ ಹೊಲಿದ ಮೇಲೆ ಕೊನೆಗೆ ತಮಗೂ ಒಂದು ಪಾಯಿಜಾಮ ಹೊಲಿದುಕೊಂಡಿದ್ದರು. ಕಡು ನೀಲಿ, ಪಕ್ಕಕ್ಕೆ ಬಿಳಿಯ ಪಟ್ಟಿ. ಎಡಗಾಲಿನದು ಒಂದೂವರೆ ಇಂಚು ಗಿಡ್ಡ, ನಿಂತಾಗ ಎರಡೂ ಅಂಚು ಸಮನಾಗಿ ಕಾಣಲಿ ಎಂದು. ಬಾಗಿಲಲ್ಲಿ ನಿಂತು ಸ್ವಲ್ಪ ತಿರುಗಿ ತೋರಿಸಿದರು. ನಾನು ಚೆನ್ನಾಗಿದೆ ಅಂದೆ. ಅದೇ ಉಸಿರಿನಲ್ಲಿ, ಇವತ್ತು ನೀವು ರಿಜಿಸ್ಟ್ರೇಷನ್ ಟೇಬಲ್ ನೋಡಿಕೊಳ್ಳಿ ಟೈಲರಮ್ಮ, ನಿಮ್ಮ ಅಕ್ಷರ ದುಂಡಗಿದೆ, ಜವಾಬ್ದಾರಿ ಕೆಲಸ, ಬೇರೆ ಯಾರಿಗೂ ಕೊಡೋಕಾಗಲ್ಲ ಅಂದೆ. ಮಾತು ಎಷ್ಟು ನಯವಾಗಿ ಬಂತು ಗೊತ್ತಾ ಅಕ್ಕ. ವೈವಾದಲ್ಲಿ ನನ್ನ ಹೆಸರು ಹೇಳಲು ತೊದಲುವವಳು ನಾನು.

ಅವರು ನನ್ನ ಮುಖ ನೋಡಲಿಲ್ಲ. ಹಾಲಿನ ನೆಲ ನೋಡಿದರು. ತುಟಿ ಅಲುಗಿದ್ದರಿಂದ ಗುರುತುಗಳನ್ನು ಎಣಿಸುತ್ತಿದ್ದಾರೆ ಎಂದು ತಿಳಿಯಿತು.

"ನಲವತ್ತು" ಅಂದರು. "ನೀನೇ ಹಾಕಿದ್ದಾ?"

"ಹೌದು."

"ಬ್ಯಾಗೂ ನಾನೇ ನೋಡ್ಕೋಬೇಕಾ?"

ಆಗ ನಾನು ಏನು ಹೇಳಬೇಕಿತ್ತು ಎನ್ನುವುದಕ್ಕೆ ಈಗ ನನ್ನ ಹತ್ತಿರ ಇಪ್ಪತ್ತು ಉತ್ತರಗಳಿವೆ. ಆಗ ಹೇಳಿದ್ದು ಇದು: "ಟೇಬಲ್ ಕೆಳಗೆ ಇಡಿಸಿದ್ರೆ ಸಾಕು."

ಅವರು ಕೂತರು. ಬ್ಯಾಗುಗಳನ್ನು ಇಡಿಸಿದರು. ಎಲ್ಲರ ಹೆಸರು ಬರೆದುಕೊಂಡರು. ಒರೆಸುವವಳು ಬಂದವಳೇ, ನೀವ್ಯಾಕೆ ಇಲ್ಲಿ ಎಂದು ಕೇಳಿದಳು. ನನಗೆ ಪ್ರಮೋಷನ್ ಆಗಿದೆ, ಒಳಗೆ ನಡಿ ಅಂದರು.

ಡೆಮೋ ಹೇಗಾಯಿತು ಎಂದು ಕೇಳಬೇಡ. ಮ್ಯೂಸಿಕ್ ಶುರುವಾಯಿತು. ಒಂದು ಬಂತು, ಎಲ್ಲರೂ ಕೈ ಎತ್ತಿದರು. ಆಮೇಲೆ ಅಭ್ಯಾಸದ ಪ್ರಕಾರ ಅರ್ಧ ಜನ ತಾಳಿದರು, ಉಳಿದರ್ಧ ಮ್ಯೂಸಿಕ್ಕಿನ ಹಿಂದೆ ಓಡಿದರು. ಎರಡನೇ ಸಾಲಿನಲ್ಲಿ ಒರೆಸುವವಳು ಗಟ್ಟಿಯಾಗಿ "ತಾಳು" ಅಂದುಬಿಟ್ಟಳು, ಅವಳ ಮಾತು ಕೇಳಿ ಓಡುತ್ತಿದ್ದವರೂ ನಿಂತರು, ನಿಂತಿದ್ದವರು ಓಡಿದರು. ಮೇಡಂ ವಾಲ್ಯೂಮ್ ಜಾಸ್ತಿ ಮಾಡಿದರು. ಅಜ್ಜಿ ಎದೆ ಹಿಡಿದುಕೊಂಡು ಸಾಲಿನಿಂದ ಆಚೆ ಹೋಗಿ ಗೋಡೆಗೆ ಒರಗಿ ಕೂತರು. ಸುಮಾರು ಜನ ಬಾಗಿಲ ಕಡೆಯ ಟೇಬಲ್ಲಿನತ್ತ ತಿರುಗಿ ತಿರುಗಿ ನೋಡುತ್ತಿದ್ದರು. ಟೈಲರಮ್ಮ ತಲೆ ಎತ್ತಲಿಲ್ಲ. ಆದರೂ ಬಂದವರು ಚಪ್ಪಾಳೆ ತಟ್ಟಿದರು. ಅವರಿಗೆ ಬಣ್ಣಬಣ್ಣದ ಪರದೆ, ನಲವತ್ತು ಪಾಯಿಜಾಮ ಸಾಕಿತ್ತು. ಹೊರಡುವಾಗ ಅವರಲ್ಲಿ ಹಿರಿಯರೊಬ್ಬರು, ಒಳ್ಳೆಯ ಮನುಷ್ಯನೇ, ಟೇಬಲ್ ಹತ್ತಿರ ನಿಂತು, ನೀವ್ಯಾಕಮ್ಮ ಮಾಡಲಿಲ್ಲ ಎಂದು ಕೇಳಿದರು.

"ನಾನು ಆಫೀಸ್ ಕಡೆಯವಳು ಸಾರ್" ಅಂದರು ಟೈಲರಮ್ಮ.

ಎಲ್ಲರೂ ಹೋದ ಮೇಲೆ ರಿಜಿಸ್ಟರ್ ತೆರೆದೆ. ನಲವತ್ತು ಹೆಸರಿನ ಮುಂದೆ ದುಂಡಗೆ "ಹಾಜರು". ನಲವತ್ತೊಂದನೆಯದು ಅವರದೇ ಹೆಸರು. ಅದರ ಮುಂದೆ, ಅಷ್ಟೇ ದುಂಡಗೆ, "ಗೈರುಹಾಜರು".

ಮೇಡಂ ಅದನ್ನು ನೋಡಿ, ಇದ್ಯಾರು ಎಂದು ಕೇಳಿದರು; ಟೇಬಲ್ ಹತ್ತಿರ ಕೂತಿದ್ದವರು ಅಂದೆ. ಹಾಗಾದ್ರೆ ಅವರು ಇದ್ದರಲ್ಲ, ತಪ್ಪು ಬರೆದಿದ್ದಾರೆ, ಸರಿ ಮಾಡು, ಹಂಡ್ರೆಡ್ ಪರ್ಸೆಂಟ್ ಆಗುತ್ತೆ ಅಂದರು. ಮೇಡಂ ಮೇಲೆ ಕೋಪ ಬರಲಿಲ್ಲ. ಅವರಿಗೆ ನಿಜವಾಗಿಯೂ ಅದು ತಪ್ಪು ಎಂದೇ ಅನಿಸಿತ್ತು. ಅದು ತಪ್ಪಲ್ಲ ಎಂದು ಗೊತ್ತಿದ್ದವಳು ನಾನು. ವೈಟ್ನರ್ ಹಚ್ಚಿ, ಒಣಗಲು ಊದಿ, ಅದರ ಮೇಲೆ "ಹಾಜರು" ಎಂದು ಅವರ ಅಕ್ಷರದ ಹಾಗೆಯೇ ಬರೆದೆ. ಪ್ರೋಗ್ರೆಸ್ ಕಾರ್ಡಿಗೆ ಅಮ್ಮನ ಸಹಿ ಹಾಕಿ ಪಳಗಿದ ಕೈ ಅಲ್ಲವೇ. ಪೋಸ್ಟಿಂಗ್‌ಗೆ ಡೆಮೋ ನೋಡಿಯೇ ನಲವತ್ತಕ್ಕೆ ಮೂವತ್ತೆಂಟು ಕೊಟ್ಟುಬಿಟ್ಟರು. ಕ್ಲಾಸಿಗೇ ಹೆಚ್ಚು. ನಿನ್ನ ಎರಡನೇ ಪತ್ರ ಬಂದದ್ದು ಡೆಮೋ ಆದ ಸೋಮವಾರ.

ಮುಂದಿನ ಶನಿವಾರ ಹೋದಾಗ ಕಿಟಕಿಗಳಲ್ಲಿ ಪರದೆ ಇರಲಿಲ್ಲ. ಡಿಪೋದವರ ಮೊಣಕೈಗಳಿದ್ದವು. ಏಳು ಜನ ಬಂದು, ಗೋಡೆಗೆ ಅಂಟಿ ನಿಂತು, ಹೋದರು. ಅದರ ಮುಂದಿನ ವಾರ ಮೂವರು. ಒರೆಸುವವಳು ಬಾಗಿಲವರೆಗೆ ಬಂದು, "ಎಣಿಸೋರಿಲ್ಲ ಮಿಸ್, ನೀವು ಎಣಿಸಿದ್ರೆ ನಮಗೆ ಸೊಂಟ ಹಿಡ್ಕೊಳ್ಳತ್ತೆ" ಎಂದು ಹೊರಟುಹೋದಳು. ಅವಳ ಮಾತಿನಲ್ಲಿ ಸಿಟ್ಟಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ಆಮೇಲೆ ಅವಳೂ ಇಲ್ಲ.

ಮೂರನೇ ವಾರ ಧೈರ್ಯ ಮಾಡಿ ಮೆಟ್ಟಿಲಿನ ಕೆಳಗೆ ಹೋದೆ. ಮಷಿನ್ನನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಕೊಂಡಿದ್ದರು. ಮೊದಲು ಬರುವ ಹೋಗುವವರೆಲ್ಲ ಕಾಣುವ ಹಾಗಿತ್ತು. ಪರದೆ ಎಲ್ಲಿ ಎಂದು ಕೇಳಿದೆ. ದಿಂಬಿನ ಕವರಿಗೆ ಆರ್ಡರ್ ಇತ್ತು, ನನ್ನ ಬಟ್ಟೆ ನನಗೆ ಬೇಕಾಯಿತು ಅಂದರು. ತಪ್ಪಾಯಿತು, ಬನ್ನಿ, ನೀವಿಲ್ಲದೆ ಯಾರೂ ಬರುತ್ತಿಲ್ಲ ಅಂದೆ. ಅವರು ಬಟ್ಟೆ ತಿರುಗಿಸಿ ಇನ್ನೊಂದು ಬದಿ ಹೊಲಿದರು. ಕೊನೆಗೆ ನಾನು, "ಮೇಡಂ ಹೇಳಿದ್ರು ಟೈಲರಮ್ಮ, ನಾನೇನ್ ಮಾಡ್ಲಿ" ಅಂದೆ. ಬಾಯಿಗೆ ಅದು ತಾನೇ ತಾನಾಗಿ ಬಂತು.

"ನಿಮ್ಮ ಮೇಡಂಗೆ ನನ್ನ ಮುಖಾನೂ ಗೊತ್ತಿಲ್ಲ" ಅಂದರು. "ಅವತ್ತು ಟೇಬಲ್ ಹತ್ರ ಬಂದು, ನೀವು ಯಾವ ಕಾಲೇಜಿಂದ ಅಂತ ಕೇಳಿದ್ರು."

ಅವರು ಹಲ್ಲಿನಿಂದ ದಾರ ಕಡಿದರು.

"ನೀನು ಕೆಟ್ಟೋಳಲ್ಲ ಪುಟ್ಟಿ. ಅದೇ ನಂಗೆ ಬೇಜಾರು. ಕೆಟ್ಟೋರು ಕೂರಿಸಿದ್ರೆ ಎದ್ದು ಬೈದು ಬರ್ತೀನಿ, ಅದು ಅಭ್ಯಾಸ ಇದೆ. ನೀನು ನಗ್‌ನಗ್ತಾ, ಅಕ್ಷರ ಚೆನ್ನಾಗಿದೆ ಅಂತ ಹೊಗಳಿ ಕೂರಿಸ್ದೆ. ಒಂಚೂರೂ ತಡವರಿಸಲಿಲ್ಲ. ಮೊದಲೇ ಮಾಡಿ ಗೊತ್ತಿರೋರು ಮಾತ್ರ ಹಂಗೆ ಮಾಡ್ತಾರೆ. ಎಲ್ಲಿ ಕಲಿತೆ?"

ಉತ್ತರಕ್ಕೆ ಕಾಯದೆ ಅವರು ಪೆಡಲ್ ತುಳಿಯತೊಡಗಿದರು. ಆ ಸದ್ದಿನಲ್ಲಿ ಇನ್ನೊಂದು ಮಾತಿಗೆ ಜಾಗ ಇರಲಿಲ್ಲ.

ಕಳೆದ ವಾರ ಮೇಡಂ ಹತ್ತಿರ ಹೋಗಿ, ರಿಜಿಸ್ಟರ್ ನಾನು ತಿದ್ದಿದ್ದೇನೆ, ಅವರು ನಿಜಕ್ಕೂ ಗೈರು ಎಂದು ಹೇಳಿದೆ. ಡೇಟಾ ಸಬ್‌ಮಿಟ್ ಆಗಿದೆ ಪುಟ್ಟಾ, ಸ್ಟ್ರೆಸ್ ತಗೋಬೇಡ ಅಂದರು. ಇನ್ನೂ ಐದು ಶನಿವಾರ ಪೋಸ್ಟಿಂಗ್ ಇದೆ. ಖಾಲಿ ಹಾಲಿನ ಬೀಗ ತೆಗೆದು, ಒಂದು ಗಂಟೆ ಕೂತು, ಬೀಗ ಹಾಕಿ ಬರುತ್ತೇನೆ. ಬ್ಯಾನರ್ ಕಟ್ಟುವುದನ್ನು ಬಿಟ್ಟಿದ್ದೇನೆ.

ಅಮ್ಮನಿಗೆ ಮಂಡಿಯ ವ್ಯಾಯಾಮ ಚಿತ್ರ ಬರೆದು ಇದರೊಂದಿಗೆ ಇಟ್ಟಿದ್ದೇನೆ. ನಿಧಾನವಾಗಿ ಮಾಡಿಸು, ಅವಸರ ಬೇಡ. ನಿನಗೆ ಒಳ್ಳೆಯದಾಗಲಿ ಎಂದು ಹಾರೈಸುವಷ್ಟು ದೊಡ್ಡವಳಲ್ಲ ನಾನು, ನಿನ್ನ ಆಶೀರ್ವಾದ ಕೇಳುವ ಮುಖವೂ ಇಲ್ಲ. ಆದರೂ ನೀನು ಚೆನ್ನಾಗಿರು. ಫ್ಯಾನ್ ವಿಷಯ ಗಟ್ಟಿಯಾಗಿ ಕೇಳು, ನಿನ್ನ ಪಾಲಿಗೆ ಬಂದಿದ್ದನ್ನು ಯಾರಿಗೂ ಬಿಟ್ಟುಕೊಡಬೇಡ.

ನಿನ್ನ,
ಗಡಿಬಿಡಿ

ಮ.ಸೂ.: ಇದು ಮರೆತು ಉಳಿದದ್ದಲ್ಲ. ಮೇಲೆ ಎಲ್ಲಿಯೂ ಬರೆಯಲು ಆಗಲಿಲ್ಲ, ಸಹಿ ಹಾಕಿದ ಮೇಲೆ ಬರೆಯುತ್ತಿದ್ದೇನೆ.

ಎಂಟನೇ ಕ್ಲಾಸು. ಆಪರೇಷನ್ನಿನಿಂದ ಒಂದು ವರ್ಷ ತಪ್ಪಿ ನೀನು ನನ್ನ ಕ್ಲಾಸಿಗೇ ಬಂದಿದ್ದೆ. ಮಾರ್ಚ್ ಪಾಸ್ಟ್‌ಗೆಂದು ನೀನು ಎರಡು ತಿಂಗಳು ಬಚ್ಚಲುಮನೆಗಳ ಹಿಂದೆ ಒಬ್ಬಳೇ ಹೆಜ್ಜೆ ಹಾಕಿ ಕಲಿತಿದ್ದೆ. ನಮ್ಮ ತಂಡದಲ್ಲಿ ನನ್ನನ್ನು ಬಿಟ್ಟು ಇಪ್ಪತ್ತೈದು ಜನ, ನಾನು ಲೀಡರ್. ಡ್ರಿಲ್ ಸರ್ ನನ್ನನ್ನು ಕರೆದು, ನಾಲ್ಕು ನಾಲ್ಕರ ಆರು ಸಾಲು, ಒಬ್ಬಳು ಹೆಚ್ಚು, ನೀನೇ ಪಟ್ಟಿ ಮಾಡಿ ತಾ ಅಂದರು. ಅವರು ಯಾರ ಹೆಸರನ್ನೂ ಹೇಳಲಿಲ್ಲ. ಪಟ್ಟಿ ಬರೆದವಳು ನಾನು. ಇಪ್ಪತ್ತನಾಲ್ಕು ಹೆಸರು ಬರೆದೆ. ನಿನ್ನನ್ನು ಬಿಟ್ಟೆ. ನಾನು ಮುಂದೆ ಬಾವುಟ ಹಿಡಿದು ನಡೆಯುವಾಗ ಹಿಂದಿನ ಸಾಲು ಕುಂಟಬಾರದು ಎಂದು ಬಿಟ್ಟೆ. ಅವರು ಓದದೆ ಸಹಿ ಹಾಕಿದರು.

ನೋಟಿಸ್ ಬೋರ್ಡಿನಲ್ಲಿ ಅವರ ಸಹಿ ಕಂಡು ನೀನು ಬಿಟ್ಟದ್ದು ಅವರೇ ಎಂದುಕೊಂಡೆ. ಅಮ್ಮ ಎರಡು ಬಸ್ ಬದಲಾಯಿಸಿ ಬಂದು, ಕಾರಿಡಾರಿನಲ್ಲಿ ಎಲ್ಲರೆದುರು, ನನ್ನ ಮಗಳ ಕಾಲು ನಿಮ್ಮ ಕಣ್ಣಿಗೆ ಅಷ್ಟು ಚುಚ್ತಾ ಎಂದು ಅವರನ್ನು ಕೇಳಿದಳು. ಸರ್ ಒಂದು ಸಲ ನನ್ನ ಕಡೆ ನೋಡಿದರು. ಹೇಳಲಿಲ್ಲ. ಯಾಕೆ ಹೇಳಲಿಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಟೈಲರಮ್ಮನನ್ನು ಸಾಲಿಗೆ ಒಪ್ಪಿಸಲು ನಾನು ಹೇಳಿದ್ದು ಇದೇ ಕಥೆ, ಸರ್ ಹೆಸರಿನಲ್ಲಿ. ಅವರು ಸರ್‌ಗೆ ಚೆನ್ನಾಗಿ ಶಾಪ ಹಾಕಿದರು.

ಹೋದ ವರ್ಷ ಡ್ರಿಲ್ ಸರ್ ತೀರಿಕೊಂಡ ಸುದ್ದಿ ಬಂದಾಗ ನೀನು ಫೋನಿನಲ್ಲಿ "ಒಳ್ಳೇದಾಯ್ತು" ಅಂದೆ. ನಾನು "ಹ್ಞೂಂ" ಅಂದೆ.